ಶಾಲೆ ಹತ್ತಿರದ ವೈನ್ ಶಾಪ್ ಎತ್ತಿಸೋದಕ್ಕೆ ಎಂಎಲ್‌ಎ ಹಿಂದೆಯೇ ಸುತ್ತಬೇಕಾ, ಬೇರೆ ದಾರಿ ಇದೆಯಾ?

ಫೀಲ್ಡ್‌ವರ್ಕ್_ಹುಡುಗಿ
ಎಲ್ಲರಿಗೂ ನಮಸ್ಕಾರ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಉತ್ತರ ಕರ್ನಾಟಕದ ಒಂದು ತಾಲೂಕಿನಲ್ಲಿ ಸಣ್ಣ ಸಂಸ್ಥೆಯೊಂದರಲ್ಲಿದ್ದೇನೆ. ಸ್ವಸಹಾಯ ಸಂಘಗಳ ಜೊತೆ ಕೆಲಸ. ಸಭೆ ಯಾವ ವಿಷಯಕ್ಕೆ ಬೇಕಾದರೂ ಶುರುವಾಗಲಿ, ಸಾಲ, ಹೊಲಿಗೆ ಮಷೀನು, ಎಮ್ಮೆ, ಕೊನೆಗೆ ಬಂದು ನಿಲ್ಲುವುದು ವೈನ್ ಶಾಪ್ ಹತ್ತಿರ. ಅಂಗಡಿ ಇರುವುದು ಸರ್ಕಾರಿ ಶಾಲೆಯ ಪಕ್ಕದ ರಸ್ತೆಯಲ್ಲಿ. ಸಂಜೆ ಹೆಣ್ಣುಮಕ್ಕಳು ಆ ರಸ್ತೆ ಬಿಟ್ಟು ಹೊಲದ ಬದುವಿನ ಮೇಲೆ ಸುತ್ತಿಕೊಂಡು ಮನೆಗೆ ಹೋಗುತ್ತಾರೆ. ಬೆಳಿಗ್ಗೆ ಬಿಸಿಯೂಟದ ಅಕ್ಕಂದಿರು ಒಲೆ ಹಚ್ಚುವ ಮೊದಲು ಶಾಲೆ ಅಂಗಳದ ಬಾಟಲಿ, ಪೌಚು ಆರಿಸಿ ಗೋಣಿಚೀಲಕ್ಕೆ ತುಂಬುತ್ತಾರೆ.

ಹೆಂಗಸರು ಸಹಿ, ಹೆಬ್ಬೆಟ್ಟು ಹಾಕಿ ಎಂಎಲ್‌ಎ ಅವರಿಗೆ ಮನವಿ ಕೊಟ್ಟರು. "ನೋಡೋಣಮ್ಮ, ಹೇಳ್ತೀನಿ" ಅಂದರು. ಮತ್ತೆ ಹೋದಾಗ ಪಿಎ ಸಿಕ್ಕರು. ಅದಾದ ಮೇಲೆ ಪಿಎ ಕೂಡ ಸಿಗಲಿಲ್ಲ. ಇತ್ತ ನಮ್ಮ ಸಂಸ್ಥೆಯವರು "ನಮ್ಮ ಪ್ರಾಜೆಕ್ಟ್ ಇರೋದು ಜೀವನೋಪಾಯಕ್ಕೆ, ಇದರಲ್ಲಿ ತಲೆ ಹಾಕಬೇಡ" ಅನ್ನುತ್ತಿದ್ದಾರೆ.

ಕಾಲೇಜಿನಲ್ಲಿ ಸೋಷಿಯಲ್ ಆಕ್ಷನ್, ಅಂದರೆ ಜನ ಒಟ್ಟಾಗಿ ಬದಲಾವಣೆಗೆ ಒತ್ತಾಯಿಸುವುದು, ಅಂತ ಓದಿದ್ದೇವೆ, ಹತ್ತು ಮಾರ್ಕಿಗೆ ಬರೆದೂ ಇದ್ದೇವೆ. ಸೋಮವಾರ ಬೆಳಿಗ್ಗೆ ಯಾವ ಆಫೀಸಿನ ಮೆಟ್ಟಿಲು ಹತ್ತಬೇಕು ಅನ್ನೋದು ಮಾತ್ರ ಅದರಲ್ಲಿ ಇರಲಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಉಪ್ಪಿಟ್ಟು_ಬೇಡ
ಪಿಎ ಸಿಗೋದು ಎಲೆಕ್ಷನ್ ಮುಂಚೆ ಮಾತ್ರ ಮೇಡಂ. ಸುಮ್ನೆ ಪೆಟ್ರೋಲ್ ಸುಡಬೇಡಿ.

ನಿವೃತ್ತ_ಗುಮಾಸ್ತ
ಮಗಳೇ, ಮೊದಲು ಒಂದು ವಿಷಯ ತಿಳಿದುಕೋ. ಸನ್ನದು, ಅಂದರೆ ಅಂಗಡಿಯ ಲೈಸೆನ್ಸು, ಎಂಎಲ್‌ಎ ಕೊಡುವುದಲ್ಲ. ಅದರ ಕಡತ ಓಡಾಡುವುದು ಜಿಲ್ಲಾ ಕೇಂದ್ರದಲ್ಲಿ, ಅಬಕಾರಿ ಉಪ ಆಯುಕ್ತರ ಕಚೇರಿ ಮತ್ತು ಜಿಲ್ಲಾಧಿಕಾರಿ ಕಚೇರಿ ನಡುವೆ. ಎಂಎಲ್‌ಎ ಫೋನ್ ಮಾಡಿದರೂ ಕಡತದಲ್ಲಿ ಏನಾದರೂ ಬರೆಯಬೇಕಲ್ವಾ? ಬರೆಯಲು ಏನಿದೆ ಅಂತ ಮೊದಲು ನೋಡು.

ಅಂಗಡಿ ಯಾವ ಬಗೆಯದು? ಸಿಎಲ್-2 ಅಂದರೆ ಚಿಲ್ಲರೆ ಮಾರಾಟ, ಕಟ್ಟಿಸಿಕೊಂಡು ಹೋಗಬೇಕು, ಅಲ್ಲೇ ನಿಂತು ಕುಡಿಯುವ ಹಾಗಿಲ್ಲ. ಸಿಎಲ್-9 ಅಂದರೆ ಬಾರ್. ಸಿಎಲ್-7 ವಸತಿ ಹೋಟೆಲಿಗೆ ಕೊಡುವುದು. ಸರ್ಕಾರಿ ಕಂಪನಿ ಎಂಎಸ್‌ಐಎಲ್ ಮಳಿಗೆಯದು ಇನ್ನೊಂದು ಬಗೆ. ನಿಮ್ಮದು ಸಿಎಲ್-2 ಆಗಿದ್ದು ಜನ ಅಲ್ಲೇ ಕಟ್ಟೆ ಮೇಲೆ ಕೂತು ಕುಡಿಯುತ್ತಿದ್ದರೆ ಅದೇ ಒಂದು ಉಲ್ಲಂಘನೆ.

ಎರಡನೇದು ದೂರ. 1967ರ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮದಲ್ಲಿ 5ನೇ ನಿಯಮ ಓದು. ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಅಂಗಡಿ ಇರಬಾರದು. ಪರಿಶಿಷ್ಟರೇ ಹೆಚ್ಚಾಗಿ ವಾಸಿಸುವ ಬಡಾವಣೆಯಲ್ಲೂ ಇರಬಾರದು.

ಮೂರನೇದು ಸಮಯ. ಅಬಕಾರಿ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿಯುತ್ತದೆ. ನವೀಕರಣದ ಕಾಗದ ಮೇಜಿನ ಮೇಲೆ ಇರುವಾಗ ಆಕ್ಷೇಪಣೆ ಹೋಗಬೇಕು. ನೀವು ಆಗಸ್ಟ್‌ನಲ್ಲಿ ಧರಣಿ ಕೂತರೆ "ಮುಂದಿನ ವರ್ಷ ಪರಿಶೀಲಿಸಲಾಗುವುದು" ಅಂತ ಹಿಂಬರಹ (ಅರ್ಜಿಗೆ ಕಚೇರಿಯ ಲಿಖಿತ ಉತ್ತರ) ಕೊಟ್ಟು ಕಳಿಸುತ್ತಾರೆ. ಎಷ್ಟೋ ಹಿಂಬರಹ ನಾನೇ ಟೈಪ್ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಲಾ_ಪಾಯಿಂಟ್
ಗುಮಾಸ್ತ ಸರ್ ಸರಿಯಾಗಿ ಹೇಳಿದ್ದಾರೆ. ಒಂದು ಸೇರಿಸುತ್ತೇನೆ. 100 ಮೀಟರ್ ಅಂದರೆ ನಕ್ಷೆ ಮೇಲೆ ಗೆರೆ ಎಳೆದು ಅಳೆಯುವುದಲ್ಲ. ಅಂಗಡಿ ಬಾಗಿಲಿನಿಂದ ಶಾಲೆಯ ಹತ್ತಿರದ ಗೇಟಿನವರೆಗೆ ಜನ ಸಾಮಾನ್ಯವಾಗಿ ನಡೆದುಹೋಗುವ ದಾರಿ ಹಿಡಿದು ಅಳೆಯುತ್ತಾರೆ. ಆಟ ನಡೆಯುವುದು ಅಲ್ಲೇ.

ಇನ್ನೊಂದು: ಶಾಲೆ ಮೊದಲಾ, ಅಂಗಡಿ ಮೊದಲಾ? ಎದುರಿನ ವಕೀಲರು ಮೊದಲು ಕೇಳುವ ಪ್ರಶ್ನೆ ಅದು. ಉತ್ತರಕ್ಕೆ ದಾಖಲೆ ಇಟ್ಟುಕೊಳ್ಳಿ.

ಮೂರನೇ_ವಾರ್ಡ್
ಆಟ ಅಂದರಲ್ಲ, ನಮ್ಮೂರಲ್ಲಿ ಕಣ್ಣಾರೆ ನೋಡಿದ್ದೇನೆ. ನಾನು ಪಂಚಾಯ್ತಿ ಮೆಂಬರು. ಶಾಲೆಯ ಸಣ್ಣ ಗೇಟು ಅಂಗಡಿ ಕಡೆಗೇ ಇತ್ತು. ಅಳತೆಗೆ ಸಾಹೇಬರು ಬರುವ ಹಿಂದಿನ ವಾರ ಯಾರೋ ಪುಣ್ಯಾತ್ಮರು ಆ ಗೇಟಿಗೆ ಇಟ್ಟಿಗೆ ಕಟ್ಟಿಸಿ ಬಿಳಿ ಸುಣ್ಣ ಹೊಡೆಸಿದರು. "ಶಾಲೆಗೆ ದಾನಿಗಳ ಕೊಡುಗೆ" ಅಂತೆ! ಅಂಗಡಿಯವರು ತಮ್ಮ ಬಾಗಿಲನ್ನೂ ಹಿಂದಿನ ಓಣಿಗೆ ತಿರುಗಿಸಿದರು. ಮುಂದಿನ ಗೇಟು ಸುತ್ತಿಕೊಂಡು ಟೇಪು ಹಿಡಿದರೆ 100 ದಾಟಿತು. ಇಟ್ಟಿಗೆ ಇನ್ನೂ ಹಸಿ ಇತ್ತು, ಬೆರಳಿಟ್ಟರೆ ಸಿಮೆಂಟು ಅಂಟುತ್ತಿತ್ತು.

ಆಮೇಲೆ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಹಳೇ ಫೋಟೊ ಹುಡುಕಿತು. ಆಗಸ್ಟ್ 15ರ ಪ್ರಭಾತಫೇರಿ ಆ ಸಣ್ಣ ಗೇಟಿನಿಂದ ಹೊರಡುವ ಫೋಟೊ ಒಬ್ಬ ಮೇಷ್ಟ್ರ ಮೊಬೈಲಿನಲ್ಲಿ ಸಿಕ್ಕಿತು, ತಾರೀಖಿನ ಸಮೇತ. ಮರುಅಳತೆ ಮಾಡಿಸಿದೆವು. ಹಾಗಾಗಿ ತಂಗಿ, ನೀನು ಅರ್ಜಿ ಬರೆಯುವ ಮೊದಲು ಗೇಟಿನ ಫೋಟೊ ತೆಗೆದಿಡು. ಇವತ್ತೇ.

ಕೌಂಟರ್_ನಂ_2
ಬೈಯುವವರು ಬೈಯಿರಿ, ನಾನು ಇಂಥದ್ದೇ ಅಂಗಡಿಯ ಕೌಂಟರಿನಲ್ಲಿ ಕೂರುವವನು. ನೀವು ಸನ್ನದಿನ ಅಂಗಡಿ ಎತ್ತಿಸಿದರೆ ಮಾರನೇ ದಿನ ನಾಲ್ಕು ಕಿರಾಣಿ ಅಂಗಡಿಯಲ್ಲಿ ಅದೇ ನೈಂಟಿ ಪೌಚು, ರೇಟು ಮಾತ್ರ ಜಾಸ್ತಿ. ಗಂಡಸರು ಕುಡಿಯೋದು ಬಿಡಲ್ಲ, ಮನೆಯಿಂದ ಹೋಗುವ ದುಡ್ಡು ಏರುತ್ತದೆ. ನಮ್ಮಲ್ಲಾದರೆ ರಾತ್ರಿ ಬಾಗಿಲು ಹಾಕುತ್ತೇವೆ. ಕಿರಾಣಿ ಅಂಗಡಿಗೆ ಬೆಳಗಿನ ಜಾವ ಹೋದರೂ ಸಿಗುತ್ತದೆ.

ರಾಯಚೂರು_ಬಿಸಿಲು
ಕೌಂಟರ್ ಅಣ್ಣಾ, ಕಿರಾಣಿ ಅಂಗಡಿಗೆ ಪೆಟ್ಟಿಗೆಗಟ್ಟಲೆ ಮಾಲು ಎಲ್ಲಿಂದ ಬರುತ್ತದೆ ಅಂತಲೂ ಹೇಳಿಬಿಡಿ. ರಾಜ್ಯದ ಅಂಗಡಿಗಳಿಗೆಲ್ಲ ಸರಕು ಸರ್ಕಾರಿ ಪಾನೀಯ ನಿಗಮ ಕೆಎಸ್‌ಬಿಸಿಎಲ್‌ನ ಡಿಪೋದಿಂದಲೇ ಬರುವುದು, ಅದೂ ಸನ್ನದು ಇದ್ದವರಿಗೆ ಮಾತ್ರ. ಕಿರಾಣಿಯವನಿಗೆ ಡಿಪೋದಲ್ಲಿ ಮಾಲು ಕೊಡಲ್ಲ. ಕೊಡುವುದು ನಿಮ್ಮಂಥ ಕೌಂಟರೇ.

ಕೌಂಟರ್_ನಂ_2
ಅದು ಮಾಲೀಕರನ್ನು ಕೇಳಿ. ನನ್ನದು ಸಂಬಳದ ಕೆಲಸ.

ರಾಯಚೂರು_ಬಿಸಿಲು
ಸರಿ ಬಿಡಿ. ಆದರೆ ನೀವು ಎತ್ತಿದ ಮಾತು ಸುಳ್ಳಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ನಡೆದರಲ್ಲ, ಮದ್ಯ ನಿಷೇಧ ಆಂದೋಲನ, ನಮ್ಮ ಕಡೆಯಿಂದ ಬಹಳ ಜನ ಹೋಗಿದ್ದರು. ಪೂರ್ತಿ ನಿಷೇಧ ದೊಡ್ಡ ಬೇಡಿಕೆ. ಊರೊಳಗಿನ ಅಕ್ರಮ ಮಾರಾಟ ನಿಲ್ಲಿಸಿ ಅನ್ನೋದು ದಿನನಿತ್ಯದ ಬೇಡಿಕೆ. ನಿಷೇಧ ಬಂತಾ? ಇಲ್ಲ. ಆದರೆ ನಡೆದು ಬಂದ ಹೆಂಗಸರು ಊರಿಗೆ ವಾಪಸ್ ಹೋಗಿ ಸುಮ್ಮನೆ ಕೂರಲಿಲ್ಲ. ಯಾವ ಅಂಗಡಿಯಲ್ಲಿ ಪೌಚು ಇದೆ ಅಂತ ಅವರಿಗೆ ಗೊತ್ತು, ಪೊಲೀಸರಿಗೂ ಗೊತ್ತು. ಈಗ ಅವರಿಗೆ ಗೊತ್ತು ಅನ್ನೋದು ಪೊಲೀಸರಿಗೂ ಗೊತ್ತು.

ಜೋಳದ_ರೊಟ್ಟಿ
ನನ್ನದೊಂದು ಕೊಂಕು. 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು. ಹೆಂಗಸರು ಪಟಾಕಿ ಹೊಡೆದರು. ಏನಾಯಿತು? ಸಾರಾಯಿ ಪ್ಯಾಕೆಟ್ ಹೋಗಿ ಅಗ್ಗದ ವಿಸ್ಕಿ ಪೌಚು ಬಂತು. 2025-26ರ ಬಜೆಟ್‌ನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ. ಆ ಗುರಿ ಇಟ್ಟುಕೊಂಡ ಸರ್ಕಾರದ ಹತ್ತಿರ ಅಂಗಡಿ ಮುಚ್ಚಿ ಅಂತ ಕೇಳುವುದು ಹಸಿದ ಬೆಕ್ಕಿಗೆ ಹಾಲು ಕಾಯಲು ಹೇಳಿದ ಹಾಗೆ. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸಬೇಕು ಅನ್ನುತ್ತದೆ, ಬಜೆಟ್ ಪುಸ್ತಕ ಬೇರೆಯೇ ಹೇಳುತ್ತದೆ.

ಲಾ_ಪಾಯಿಂಟ್
ಅವರು ನಿಷೇಧ ಕೇಳುತ್ತಿಲ್ಲ ಸ್ವಾಮಿ. ಶಾಲೆ ಪಕ್ಕದ ಒಂದು ಅಂಗಡಿ ಬಗ್ಗೆ ಕೇಳುತ್ತಿದ್ದಾರೆ. ಬಜೆಟ್ ಎಳೆದು ತಂದರೆ ಯಾರೂ ಏನೂ ಮಾಡೋ ಹಾಗೇ ಇಲ್ಲ.

ಜೋಳದ_ರೊಟ್ಟಿ
ಒಂದು ಅಂಗಡಿ ಮುಚ್ಚಿದರೆ ಪಕ್ಕದ ಊರಿಗೆ ಬೈಕಿನಲ್ಲಿ ಹೋಗುತ್ತಾರೆ, ಕುಡಿದು ವಾಪಸ್ ಬರುತ್ತಾರೆ. ಅದನ್ನೂ ಲೆಕ್ಕ ಹಾಕಿ ಅಂತ ಅಷ್ಟೇ. 2016ರಿಂದ ಬಿಹಾರದಲ್ಲಿ ಪೂರ್ತಿ ಬಂದ್ ಇದೆ, ಕಳ್ಳಭಟ್ಟಿ ಕುಡಿದು ಸತ್ತವರ ಸುದ್ದಿ ನಿಂತಿಲ್ಲ.

ಗಡಿಯಾಚೆ_ಕನ್ನಡಿಗ
ಸೊಲ್ಲಾಪುರದಿಂದ. ನಮ್ಮ ಮಹಾರಾಷ್ಟ್ರದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. 2008ರ ಸರ್ಕಾರಿ ಆದೇಶ. ಊರಿನ ಹೆಂಗಸರಲ್ಲಿ ಕಾಲು ಭಾಗ ಜನ ಸಹಿ ಹಾಕಿ ಕೇಳಿದರೆ ಗುಪ್ತ ಮತದಾನ. ಚೀಟಿಯಲ್ಲಿ ನಿಂತ ಬಾಟಲಿ, ಮಲಗಿದ ಬಾಟಲಿ, ಎರಡು ಚಿತ್ರ. ಮಲಗಿದ ಬಾಟಲಿಗೆ ಹೆಚ್ಚು ಬಿದ್ದರೆ ಅಂಗಡಿ ಬಂದ್. ಓದು ಬರಹ ಬರದ ಅಜ್ಜಿಯರೂ ನಗುನಗುತ್ತಾ ಬಂದು ಒತ್ತುತ್ತಾರೆ. ಕರ್ನಾಟಕದಲ್ಲೂ ಇದನ್ನು ಕೇಳಬೇಕು.

ಲಾ_ಪಾಯಿಂಟ್
ಅರ್ಧ ಮಾತ್ರ ಹೇಳಿದಿರಿ. ಮತ ಹಾಕಿದವರಲ್ಲಿ ಅರ್ಧ ಸಾಲುವುದಿಲ್ಲ, ಪಟ್ಟಿಯಲ್ಲಿರುವ ಒಟ್ಟು ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಬೀಳಬೇಕು. ಕಬ್ಬು ಕಡಿಯಲು ಹೋದವರು, ಗಂಡನ ಮನೆಗೆ ಹೋದರೂ ಹೆಸರು ತೆಗೆಯದವರು, ಎಲ್ಲ ನಿಂತ ಬಾಟಲಿ ಲೆಕ್ಕಕ್ಕೇ ಹೋದಂತೆ.

ಗಡಿಯಾಚೆ_ಕನ್ನಡಿಗ
ಹೌದು, ಅದಕ್ಕೇ ಕಬ್ಬಿನ ಸೀಸನ್ ಮುಗಿದ ಮೇಲೆ ಮತದಾನ ಇಡಿ ಅಂತ ಹಟ ಹಿಡಿಯಬೇಕು.

ಮೂರನೇ_ವಾರ್ಡ್
ನಮ್ಮಲ್ಲಿ ಗ್ರಾಮಸಭೆ ಠರಾವು ಇದೆಯಲ್ಲ, ಅದು ಸಾಲದಾ?

ಲಾ_ಪಾಯಿಂಟ್
ಅಕ್ಕಾ, ಠರಾವಿಗೆ ತೂಕ ಇದೆ, ಆದರೆ ಅಬಕಾರಿ ಇಲಾಖೆ ಅದಕ್ಕೆ ಬದ್ಧ ಅಲ್ಲ. ಬೇರೆ ರಾಜ್ಯಗಳ ಆದಿವಾಸಿ ಪ್ರದೇಶದಲ್ಲಿ ಪೆಸಾ ಕಾಯ್ದೆ ಇದೆ, ಮದ್ಯದ ವಿಷಯದಲ್ಲಿ ಅಲ್ಲಿ ಗ್ರಾಮಸಭೆಗೆ ಅಧಿಕಾರ ಉಂಟು. ಅದು ಅನ್ವಯಿಸುವುದು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಕ್ಕೆ. ಕರ್ನಾಟಕದಲ್ಲಿ ಅಂಥ ಪ್ರದೇಶವೇ ಇಲ್ಲ, ಹಾಗಾಗಿ ಅದು ನಮಗೆ ಬರಲ್ಲ. ಹಾಗಂತ ಠರಾವು ಬಿಡಬೇಡಿ. ಹೈಕೋರ್ಟಿಗೆ ಹೋಗುವ ದಿನ ಬಂದರೆ ಮೊದಲು ಕೇಳುವುದು ಅದನ್ನೇ. ಒಂದೇ ಎಚ್ಚರಿಕೆ, ನಡಾವಳಿ ಪುಸ್ತಕದಲ್ಲಿ ಏನು ಬರೆದರು ಅಂತ ಅಲ್ಲೇ ಓದಿಸಿಕೊಳ್ಳಿ. ಹೆಂಗಸರು "ಅಂಗಡಿ ತೆಗೀರಿ" ಅಂದಿದ್ದು ಪುಸ್ತಕದಲ್ಲಿ "ಸ್ವಚ್ಛತೆ ಬಗ್ಗೆ ಚರ್ಚಿಸಲಾಯಿತು" ಅಂತ ಆಗಿರುತ್ತದೆ.

ಮೂರನೇ_ವಾರ್ಡ್
ಹ್ಹ ಹ್ಹ, ನಮ್ಮ ಪಿಡಿಒ ಹತ್ತಿರ ನೀವು ಟ್ರೇನಿಂಗ್ ತಗೊಂಡಿದ್ದೀರಾ? ಅದಕ್ಕೇ ಮಹಿಳಾ ಗ್ರಾಮಸಭೆ ಬೇರೆ ಕರೆಯಿಸಿ. ಅಲ್ಲಿ ಹೆಂಗಸರು ಮಾತಾಡುತ್ತಾರೆ. ಸಾಮಾನ್ಯ ಗ್ರಾಮಸಭೆಯಲ್ಲಿ ಭಾವ, ಮಾವ ಎಲ್ಲ ಮುಂದಿನ ಕುರ್ಚಿಯಲ್ಲಿ ಕೂತಿರುತ್ತಾರೆ, ಯಾರು ಬಾಯಿ ಬಿಡುತ್ತಾರೆ?

ಬೆಲ್_ಹೊಡೀತು
ಮಕ್ಕಳ ಗ್ರಾಮಸಭೆಯೂ ಇದೆಯಲ್ಲ. ಮಕ್ಕಳೇ ಎದ್ದು ನಿಂತು ಕೇಳಲಿ, ಸಾಹೇಬರು ತಲೆ ತಗ್ಗಿಸುತ್ತಾರೆ. ವಿಡಿಯೊ ವೈರಲ್ ಆಗುತ್ತದೆ.

ನಿಧಾನ_ಮಾತು
ಇಲ್ಲಿ ನನ್ನ ತಕರಾರು ಇದೆ. ನಾನು ಮಕ್ಕಳ ಹಕ್ಕಿನ ಕೆಲಸದಲ್ಲಿ ಇದ್ದವಳು. ಮಗು ತನಗೆ ಅನಿಸಿದ್ದನ್ನು ಹೇಳುವುದು ಬೇರೆ, ದೊಡ್ಡವರು ಬರೆದುಕೊಟ್ಟ ಚೀಟಿ ಓದುವುದು ಬೇರೆ. ಆ ಮಗುವಿನ ಅಪ್ಪನೇ ಆ ಅಂಗಡಿಯಲ್ಲಿ ಕೂತಿದ್ದರೆ? ವಿಡಿಯೊ ನೋಡಿ ರಾತ್ರಿ ಮನೆಯಲ್ಲಿ ಏನು ನಡೆಯುತ್ತದೆ ಅಂತ ವೈರಲ್ ಮಾಡಿದವರಿಗೆ ಗೊತ್ತಾಗಲ್ಲ. ಪ್ರಶ್ನೆ ಪೆಟ್ಟಿಗೆ ಇಡಿ, ಹೆಸರಿಲ್ಲದೆ ಬರೆದು ಹಾಕಲಿ. ಶಿಕ್ಷಕರು ಎಲ್ಲವನ್ನೂ ಓದಲಿ, ಯಾವುದಕ್ಕೆ ಏನು ಮಾಡಿದೆವು ಅಂತ ಪಂಚಾಯ್ತಿ ಅನುಪಾಲನಾ ವರದಿ ಕೊಡಲಿ. ಮೊಬೈಲು ಹೊರಗಿರಲಿ.

ಬೆಲ್_ಹೊಡೀತು
ಒಪ್ಪಿದೆ ಮೇಡಂ. ಪೆಟ್ಟಿಗೆ ಐಡಿಯಾ ಚೆನ್ನಾಗಿದೆ.

ಫೀಲ್ಡ್‌ವರ್ಕ್_ಹುಡುಗಿ
ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಗೇಟಿನ ಫೋಟೊ ತೆಗೆಸಿದೆ, ಮೂರನೇ ವಾರ್ಡ್ ಅಕ್ಕಾ. ನಮ್ಮ ಸಂಸ್ಥೆಯ ವಿಷಯ ಯಾರೂ ಮುಟ್ಟಲಿಲ್ಲ. ಅವರ ಮಾತು ಮೀರಿದರೆ ಕೆಲಸ ಹೋಗುತ್ತದೆ, ಮೀರದಿದ್ದರೆ ನಾಳೆ ಸಂಘದ ಹೆಂಗಸರ ಮುಂದೆ ಹೇಗೆ ಕೂರಲಿ?

ಲೆಕ್ಕಪತ್ರ_ನೋಡುವವ
ಹಲವು ಎನ್‌ಜಿಒಗಳ ಲೆಕ್ಕ ನೋಡುತ್ತೇನೆ. ನಿಮ್ಮ ಡೈರೆಕ್ಟರ್ ಭಯ ಸುಮ್ಮನೆ ಹುಟ್ಟಿದ್ದಲ್ಲ. ವಿದೇಶಿ ದೇಣಿಗೆ ಇದ್ದರೆ 2010ರ ಎಫ್‌ಸಿಆರ್‌ಎ ಕಾಯ್ದೆಯಲ್ಲಿ "ರಾಜಕೀಯ ಸ್ವರೂಪದ ಸಂಸ್ಥೆ" ಅಂತ ಹಣೆಪಟ್ಟಿ ಹಚ್ಚಿದರೆ ಮುಗಿಯಿತು. ಆದರೆ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ಸಾಫ್ ಅನ್ನುವ ಸಂಸ್ಥೆಯ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ರಾಜಕೀಯ ಉದ್ದೇಶ ಇಲ್ಲದೆ ಜನರ ಹಕ್ಕಿಗಾಗಿ ನಿಲ್ಲುವ ಸಂಸ್ಥೆಗೆ ಆ ಕಾರಣಕ್ಕೆ ದೇಣಿಗೆ ತಪ್ಪಿಸುವ ಹಾಗಿಲ್ಲ. ನಿಯಮ ಪಾಲಿಸಿ ಅಂತ ಅಬಕಾರಿ ಕಚೇರಿಗೆ ಅರ್ಜಿ ಕೊಡುವುದು ರಾಜಕೀಯ ಹೇಗಾಗುತ್ತದೆ?

ಪ್ರಾಯೋಗಿಕ ದಾರಿ ಏನಂದರೆ, ಸಂಸ್ಥೆಯ ಲೆಟರ್‌ಹೆಡ್ ಬೇಡ. ಸಂಘಗಳ ಒಕ್ಕೂಟದ ಹೆಸರಲ್ಲೇ ಎಲ್ಲ ಹೋಗಲಿ. ನೀವು ಹಿಂದೆ ಇರಿ. ಅರ್ಜಿ ಬರೆಯಲು ಕಲಿಸಿ, ಬಸ್ ಯಾವುದು ಅಂತ ಹೇಳಿ.

ರಾಯಚೂರು_ಬಿಸಿಲು
ಇದೇ ಮಾತಿಗೆ ನನಗೆ ಸಿಟ್ಟು ಬರುವುದು. "ನೀವು ಹಿಂದೆ ಇರಿ" ಅಂದರೆ ಏಟು ಬೀಳುವಾಗ ಮುಂದೆ ಇರುವುದು ಯಾರು? ಅಂಗಡಿ ಮಾಲೀಕನ ಕಡೆಯವರು ರಾತ್ರಿ ಮನೆ ಮುಂದೆ ಬಂದು ನಿಂತಾಗ ಒಕ್ಕೂಟದ ಅಧ್ಯಕ್ಷೆಯೇ ಬಾಗಿಲು ತೆಗೆಯಬೇಕು. ಹೆಂಗಸರನ್ನು ಮುಂದೆ ಬಿಟ್ಟು ಆಮೇಲೆ ವರದಿಯಲ್ಲಿ "ಸಮುದಾಯದ ಮಾಲೀಕತ್ವ" ಅಂತ ಬರೆದುಕೊಳ್ಳುವ ಸಂಸ್ಥೆಗಳನ್ನು ಬಹಳ ನೋಡಿದ್ದೇವೆ.

ಲೆಕ್ಕಪತ್ರ_ನೋಡುವವ
ನಾನು ಹಾಗೆ ಹೇಳಲಿಲ್ಲ. ಹೆಸರು ಅವರದು ಇರಲಿ ಅಂದೆ, ಅವರನ್ನು ಒಬ್ಬರೇ ಬಿಡಿ ಅನ್ನಲಿಲ್ಲ.

ರಾಯಚೂರು_ಬಿಸಿಲು
ಊರಲ್ಲಿ ಅದೆರಡೂ ಒಂದೇ ಆಗಿಬಿಡುತ್ತದೆ ಸರ್. ತಂಗೀ, ನಾವು ಮಾಡುತ್ತಿದ್ದದ್ದು ಹೀಗೆ. ಅರ್ಜಿ ಕೊಡಲು ಯಾವತ್ತೂ ಒಬ್ಬರು ಹೋಗುತ್ತಿರಲಿಲ್ಲ. ಸಹಿ ಗುಂಡಗೆ ವೃತ್ತದಲ್ಲಿ ಹಾಕಿಸುತ್ತಿದ್ದೆವು, ಮೊದಲನೆಯವರು ಯಾರು ಅಂತ ಗೊತ್ತಾಗಬಾರದು. ಠಾಣೆಗೆ ಒಂದು ಪ್ರತಿ ಮೊದಲೇ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳುತ್ತಿದ್ದೆವು. ಆ ವಾರ ಕಾರ್ಯಕರ್ತೆ ಊರಲ್ಲೇ ಉಳಿಯುತ್ತಿದ್ದಳು. ಇದು ನಿನ್ನ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಎಲ್ಲೂ ಬರುವುದಿಲ್ಲ, ಅಲ್ವಾ? ಹಾಗಿದ್ದ ಮೇಲೆ ಅವರಿಗೇನು ಕಷ್ಟ?

ನಿವೃತ್ತ_ಗುಮಾಸ್ತ
ವೃತ್ತದಲ್ಲಿ ಸಹಿ ಬಂದರೆ ನಾವು ಆಫೀಸಿನಲ್ಲಿ ತಲೆ ಕೆರೆದುಕೊಳ್ಳುತ್ತಿದ್ದೆವು. ಹಿಂಬರಹ ಯಾರ ಹೆಸರಿಗೆ ಕಳಿಸೋದು ಅಂತ! ಒಕ್ಕೂಟದ ವಿಳಾಸ ಕೆಳಗೆ ಬರೆಯಿರಮ್ಮ.

ಹಳೇ_ಪಿಎ
ಪಿಎಗಳ ಬಗ್ಗೆ ಮೇಲೆ ಬಹಳ ಗೌರವದ ಮಾತು ಓದಿದೆ. ಹಿಂದೆ ಒಬ್ಬ ಶಾಸಕರ ಹತ್ತಿರ ಕೆಲಸ ಮಾಡಿದ್ದೇನೆ, ಯಾರು ಅಂತ ಕೇಳಬೇಡಿ.

ದಿನಕ್ಕೆ ಬರುವ ಮನವಿ ಎಲ್ಲ "ಸೂಕ್ತ ಕ್ರಮಕ್ಕಾಗಿ" ಅಂತ ಸೀಲು ಹೊಡೆಸಿಕೊಂಡು ಹೊರಡುತ್ತವೆ. ಅದರಲ್ಲಿ ಶಾಸಕರು ಏನು ಮಾಡಬೇಕು ಅಂತಲೇ ಬರೆದಿರುವುದಿಲ್ಲ. "ನ್ಯಾಯ ಕೊಡಿಸಿ" ಅಂದರೆ ಎಲ್ಲಿಂದ ಕೊಡಿಸೋದು? ನೀವು ಒಂದೇ ಹಾಳೆ ತನ್ನಿ. ಅಬಕಾರಿ ಕಚೇರಿಗೆ ಕೊಟ್ಟ ಆಕ್ಷೇಪಣೆಯ ಇನ್‌ವರ್ಡ್ ನಂಬರು, ತಾರೀಖು, ಅಳತೆ ಎಷ್ಟು ಬಂತು, ಕೇಳುವುದು ಏನು. ಕೆಳಗೆ "ಮುಂದಿನ ತ್ರೈಮಾಸಿಕ ಕೆಡಿಪಿ ಸಭೆಯಲ್ಲಿ ಈ ವಿಷಯ ಇಡಬೇಕು". ಕೆಡಿಪಿ ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆ. ತಾಲೂಕು ಕೆಡಿಪಿಗೆ ಶಾಸಕರೇ ಅಧ್ಯಕ್ಷರು, ಅಬಕಾರಿಯವರೂ ಅಲ್ಲಿ ಕೂತಿರುತ್ತಾರೆ. ಎಲ್ಲರ ಮುಂದೆ ನಂಬರು ಹಿಡಿದು ಕೇಳಿದರೆ ಅಧಿಕಾರಿ ಉತ್ತರ ಕೊಡಲೇಬೇಕು, ಅದು ಸಭೆಯ ನಡಾವಳಿಗೆ ಹೋಗುತ್ತದೆ. ಶಾಸಕರಿಗೂ ಕಷ್ಟ ಇಲ್ಲ, ಅಂಗಡಿಯವನಿಗೆ "ಜನ ಕೇಳಿದರು, ನಾನೇನು ಮಾಡಲಿ" ಅನ್ನಬಹುದು.

ಇನ್ನೊಂದು ಯಾರಿಗೂ ಹೊಳೆಯುವುದಿಲ್ಲ. ವಿಧಾನ ಪರಿಷತ್ತಿಗೆ 25 ಜನ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಆರಿಸಿ ಬರುತ್ತಾರೆ. ಅವರಿಗೆ ವೋಟು ಹಾಕುವವರಲ್ಲಿ ಹೆಚ್ಚಿನವರು ಗ್ರಾಮ ಪಂಚಾಯ್ತಿ ಮೆಂಬರುಗಳು. ಮೂರನೇ ವಾರ್ಡ್ ಅಕ್ಕನಂಥವರು ಹತ್ತು ಜನ ಸೇರಿ ಎಂಎಲ್‌ಸಿಗೆ ಕಾಗದ ಕೊಟ್ಟರೆ ಅದು ಕಸದ ಬುಟ್ಟಿಗೆ ಹೋಗಲ್ಲ. ಜಿಲ್ಲೆಯಲ್ಲಿ ಶಾಲೆಗಳಿಂದ 100 ಮೀಟರ್ ಒಳಗೆ ಎಷ್ಟು ಅಂಗಡಿ ಇವೆ, ಎಷ್ಟಕ್ಕೆ ನೋಟಿಸ್ ಕೊಟ್ಟಿದ್ದೀರಿ ಅಂತ ಅಧಿವೇಶನದಲ್ಲಿ ಪ್ರಶ್ನೆ ಹಾಕಿಸಿ. ಉತ್ತರಕ್ಕಾಗಿ ಆ ಜಿಲ್ಲೆಯ ಅಬಕಾರಿ ಕಚೇರಿ ಇಡೀ ವಾರ ಟೇಪು ಹಿಡಿದು ಓಡಾಡುತ್ತದೆ.

ಮೂರನೇ_ವಾರ್ಡ್
ಅಯ್ಯೋ, ಎಂಎಲ್‌ಸಿ ಎಲೆಕ್ಷನ್ನಿನಲ್ಲಿ ನಮ್ಮನ್ನು ರೆಸಾರ್ಟಿಗೆ ಕರೆದುಕೊಂಡು ಹೋಗಿದ್ದು ನೆನಪಿದೆ. ಪ್ರಶ್ನೆ ಕೇಳಿಸಬಹುದು ಅಂತ ಯಾರೂ ಹೇಳಲಿಲ್ಲ.

ಉಪ್ಪಿಟ್ಟು_ಬೇಡ
ಯಾವ ರೆಸಾರ್ಟ್ ಅಕ್ಕಾ? ಊಟ ಹೇಗಿತ್ತು?

ಮೂರನೇ_ವಾರ್ಡ್
ಉಪ್ಪಿಟ್ಟು.

ಆಸ್ಪತ್ರೆ_ಕಾರಿಡಾರ್
ನಾನು ಮನೋವೈದ್ಯಕೀಯ ವಿಭಾಗದ ಸಮಾಜ ಕಾರ್ಯಕರ್ತ. ಚರ್ಚೆಯೆಲ್ಲ ಅಂಗಡಿ ಮೇಲೆ ಇದೆ, ಕುಡಿಯುವವರ ಬಗ್ಗೆ ಒಂದು ಮಾತು ಹೇಳಲೇಬೇಕು. ವರ್ಷಗಟ್ಟಲೆ ದಿನಾ ಕುಡಿಯುವವರಿಗೆ ಒಮ್ಮೆಲೇ ನಿಂತರೆ ಕೈನಡುಕ, ಬೆವರು, ಫಿಟ್ಸ್, ಭ್ರಮೆ ಬರಬಹುದು. ಜೀವಕ್ಕೂ ಅಪಾಯ. ಅಂಗಡಿ ಬಂದ್ ಆದ ವಾರ ಇಂಥವರು ತಾಲೂಕು ಆಸ್ಪತ್ರೆಗೆ ಬರುತ್ತಾರೆ, ಕೆಲವರು ಬರುವುದೇ ಇಲ್ಲ. ಹಾಗಾಗಿ ಮೊದಲೇ ಆಶಾ ಕಾರ್ಯಕರ್ತೆ ಜೊತೆ ಕೂತು ಯಾರ ಮನೆಯಲ್ಲಿ ಅಂಥವರು ಇದ್ದಾರೆ ಅಂತ ತಿಳಿದುಕೊಳ್ಳಿ. ಜಿಲ್ಲಾ ಮಾನಸಿಕ ಆರೋಗ್ಯ ತಂಡದವರನ್ನು ಊರಿಗೆ ಕರೆಸಿ. ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.

ಸಂಘದ ಸಭೆಯಲ್ಲಿ ಹೆಂಗಸರು ಅಂಗಡಿ ಎತ್ತಿಸಿ ಅನ್ನುವಾಗ ಅರ್ಧ ಜನ ಕೇಳುತ್ತಿರುವುದು "ನನ್ನ ಗಂಡನನ್ನು ಉಳಿಸಿಕೊಡಿ" ಅಂತ. ಎರಡಕ್ಕೂ ಬೇರೆ ಬೇರೆ ಕಾಗದ ಬೇಕು.

ಕೌಂಟರ್_ನಂ_2
ಇದು ಸರಿಯಾದ ಮಾತು ಸರ್. ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ನಡುಗುತ್ತಾ ನಿಂತವರನ್ನು ದಿನಾ ನೋಡುತ್ತೇನೆ. ನೋಟು ಎಣಿಸಲೂ ಕೈ ಬರಲ್ಲ, ನಾನೇ ಅವರ ಕೈಯಿಂದ ತೆಗೆದುಕೊಳ್ಳುತ್ತೇನೆ. ಆ ನಂಬರು ಅಂಗಡಿ ಗೋಡೆ ಮೇಲೆ ಅಂಟಿಸಬಹುದಾ?

ಆಸ್ಪತ್ರೆ_ಕಾರಿಡಾರ್
ಅಂಟಿಸಿ ಅಣ್ಣಾ. ದೊಡ್ಡ ಅಕ್ಷರದಲ್ಲಿ.

ಜೋಳದ_ರೊಟ್ಟಿ
ಮಾಲೀಕ ಬಿಡುತ್ತಾನಾ?

ಕೌಂಟರ್_ನಂ_2
ಕೇಳಿ ನೋಡುತ್ತೇನೆ. ಬಿಡದಿದ್ದರೆ ಪಕ್ಕದ ಬೀಡಾ ಅಂಗಡಿಗೆ ಅಂಟಿಸುತ್ತೇನೆ.

ಫೀಲ್ಡ್‌ವರ್ಕ್_ಹುಡುಗಿ
ಒಕ್ಕೂಟದ ಸಭೆಯಲ್ಲಿ ಎಲ್ಲ ಓದಿ ಹೇಳಿದೆ. ಮೊದಲು ಆರ್‌ಟಿಐ ಹಾಕಿ ಸನ್ನದಿನ ಪ್ರತಿ, ಸ್ಥಳ ಪರಿಶೀಲನಾ ವರದಿ, ಅಳತೆಯ ನಕ್ಷೆ ತೆಗೆಸೋಣ, ಜೂನ್‌ಗೆ ಮೊದಲು ಆಕ್ಷೇಪಣೆ ಅಂತ ತೀರ್ಮಾನ ಆಯಿತು. ಸಂಸ್ಥೆಯಲ್ಲೂ ಮಾತಾಡಿದೆ. "ಆಶಾ, ಆಸ್ಪತ್ರೆ ಕೆಲಸಕ್ಕೆ ನೀನು ಹೋಗು, ಅರ್ಜಿಯಲ್ಲಿ ನಮ್ಮ ಹೆಸರು ಕಾಣಬಾರದು" ಅಂದಿದ್ದಾರೆ. ರಾಯಚೂರು ಅಕ್ಕ ಬೈಯುತ್ತಾರೆ ಅಂತ ಗೊತ್ತು. ಆರ್‌ಟಿಐ ಒಕ್ಕೂಟದ ಹೆಸರಲ್ಲಿ ಹಾಕಬಹುದಾ?

ರಾಯಚೂರು_ಬಿಸಿಲು
ಬೈಯುತ್ತೇನೆ, ಆದರೆ ಈ ವಾರ ಅಲ್ಲ.

ನಿವೃತ್ತ_ಗುಮಾಸ್ತ
ಒಕ್ಕೂಟದ ಹೆಸರಲ್ಲಿ ಬೇಡ, "ನಾಗರಿಕರು ಮಾತ್ರ" ಅಂತ ವಾಪಸ್ ಕಳಿಸಲು ಒಂದು ನೆಪ ಸಿಗುತ್ತದೆ. ಒಬ್ಬ ಸದಸ್ಯೆಯ ಹೆಸರಲ್ಲಿ ಹಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಪುರಾಣ ಬರೆಯಬೇಡ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

ಮೂರನೇ_ವಾರ್ಡ್
ಬಿಪಿಎಲ್ ಕಾರ್ಡು ಲಗತ್ತಿಸಬೇಡಿ. ಯಾವ ಮನೆಯವರು ಅರ್ಜಿ ಹಾಕಿದರು ಅಂತ ಸಂಜೆಗೆಲ್ಲ ಅಂಗಡಿಯವನಿಗೆ ಗೊತ್ತಾಗುತ್ತದೆ, ಕಾರ್ಡಿನಲ್ಲಿ ಮನೆಮಂದಿಯ ಹೆಸರೆಲ್ಲ ಇರುತ್ತದೆ. 10 ರೂಪಾಯಿ ಕೊಟ್ಟುಬಿಡಿ.

ಲಾ_ಪಾಯಿಂಟ್
ಅರ್ಜಿಯಲ್ಲಿ ಹೆಸರು, ವಿಳಾಸ ಹೇಗೂ ಇರುತ್ತದಲ್ಲ ಅಕ್ಕಾ.

ಮೂರನೇ_ವಾರ್ಡ್
ಹಾಗಾದರೆ ನನ್ನಂಥ ಮೆಂಬರ್ ಯಾರಾದರೂ ಹಾಕಲಿ. ಆ ಊರಿನ ಮೆಂಬರುಗಳಲ್ಲಿ ಹೆಂಗಸರು ಇರಲೇಬೇಕಲ್ಲ, ಅರ್ಧ ಸೀಟು ನಮ್ಮದೇ. ತಂಗೀ, ಅವರನ್ನು ಕೇಳಿದೆಯಾ?

ಫೀಲ್ಡ್‌ವರ್ಕ್_ಹುಡುಗಿ
ಇದ್ದಾರೆ. ಒಬ್ಬರ ಮನೆಯವರೇ ಅಂಗಡಿಯ ಬಾಡಿಗೆ ಮಾಲೀಕರು. ಇನ್ನೊಬ್ಬರನ್ನು ನಾಳೆ ಕೇಳುತ್ತೇನೆ.